ದೋಣಿ ಕಟ್ಟುವ ಮರ

ಕಾನ್ ಥೋ
೪ ಜೂನ್ ೧೯೯೯

ಅಪ್ಪನಿಗೆ ಲಾಯ್ ಮಾಡುವ ನಮಸ್ಕಾರ.

ಈ ಕಾಗದವನ್ನು ಕಾಯ್ ರಾಂಗ್ ತೇಲುಸಂತೆಯ ಬೀ ಅಕ್ಕನ ಡೀಸೆಲ್ ಅಂಗಡಿಯಲ್ಲಿ ಕೊಟ್ಟು ಬರುತ್ತೇನೆ. ನೀವು ಯಾವ ನದಿಯಲ್ಲಿದ್ದರೂ ಡೀಸೆಲ್ ತೀರಿದಾಗ ಅವಳ ಹತ್ತಿರ ಬರಲೇಬೇಕು. ಮಗಳ ಹತ್ತಿರ ಬರದಿದ್ದರೂ.

ಹ್ವೆ ಅಜ್ಜಿ ತೀರಿಕೊಂಡರು. ಮಂಚ ಹಿಡಿಯುವವರೆಗೂ ಅಮ್ಮನ ಸಮಾಧಿಯ ಮೇಲೆ ಒಂದು ಹುಲ್ಲು ಬೆಳೆಯಲು ಬಿಡಲಿಲ್ಲ ಆ ಪುಣ್ಯಾತ್ಗಿತ್ತಿ. ಈಗ ಅವರ ಮಗ ತ್ವಾನ್ ಸೈಗಾನಿನಿಂದ ಬಂದು ಬನ್ ಹಳ್ಳದ ದಡದ ಚಕ್ಕೋತದ ತೋಟವನ್ನು ಮಾರಲು ಹೊರಟಿದ್ದಾನೆ. ಮೀನಿನ ಹೊಂಡ ತೋಡುವವನೊಬ್ಬ ಕೇಳಿದ್ದಾನಂತೆ. ಅವನಿಗೆ ಸಮಾಧಿಗಳಿಲ್ಲದ ನೆಲ ಬೇಕು. ತ್ವಾನ್ ತನ್ನ ಹಿರಿಯರನ್ನೆಲ್ಲ ಊರಿನ ಹೊಸ ಸ್ಮಶಾನಕ್ಕೆ ಸಾಗಿಸುತ್ತಿದ್ದಾನೆ. ನನಗೂ ಹೇಳಿದ: "ನಿಮ್ದೊಂದು ಇದೆಯಲ್ಲಕ್ಕಾ, ಅದನ್ನ ಹೊಸ ವರ್ಷದ ತೆತ್ ಹಬ್ಬದೊಳಗೆ ಎತ್ಕೊಂಡು ಹೋಗ್ಬಿಡಿ." ಗೋಣಿಚೀಲ ಎತ್ತಿಕೊಂಡು ಹೋಗಿ ಎಂದ ಹಾಗೆ.

ಎಲ್ಲಿಗೆ ಹೋಗುವುದು? ಊರಿನ ಸ್ಮಶಾನ ಊರಿನಲ್ಲಿ ಹೆಸರಿದ್ದವರಿಗೆ. ಅಮ್ಮ ಹುಟ್ಟಿದ್ದು, ನನ್ನನ್ನು ಹೆತ್ತದ್ದು, ಸತ್ತದ್ದು ಎಲ್ಲ ದೋಣಿಯಲ್ಲಿ.

ಅಮ್ಮ ಸತ್ತ ದಿನ ನಾನು ನಿಮ್ಮ ಪಕ್ಕದಲ್ಲಿ ನಿಂತಿದ್ದೆ. ನೀವು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆ ಮನೆಯ ಮುಂದೆ ನಿಂತು ಒಂದು ಸಮಾಧಿಯಷ್ಟು ನೆಲ ಬೇಡಿದಿರಿ. ಮೊದಲ ಮನೆಯವರು ಬಾಗಿಲು ಹಾಕಿಕೊಂಡರು. ಎರಡನೆಯವನು ಏನೆಂದ, ನೆನಪಿದೆಯಾ? "ದೋಣಿಯವ್ರಿಗೆ ಒಬ್ರಿಗೆ ಕೊಟ್ರೆ ಇಡೀ ನದೀನೇ ಬಂದು ಇಲ್ಲಿ ಮಲಗತ್ತೆ." ಹ್ವೆ ಅಜ್ಜಿ ಮಾತ್ರ "ಎಲ್ಲಿ ಬೇಕಪ್ಪಾ?" ಎಂದು ಕೇಳಿದರು. "ನದಿ ಕಾಣೋ ಕಡೆ ಕೊಡಿ" ಎಂದಿರಿ ನೀವು. ನನಗೆ ಆ ಟೋಪಿ ಇನ್ನೂ ಕಣ್ಣ ಮುಂದಿದೆ. ಇನ್ನೊಮ್ಮೆ ಯಾರ ಮನೆಯ ಮುಂದೆಯೂ ಹಾಗೆ ನಿಲ್ಲುವುದಿಲ್ಲ, ನಿಮ್ಮನ್ನೂ ನಿಲ್ಲಿಸುವುದಿಲ್ಲ.

ಆದ್ದರಿಂದ ಆ ತೋಟವನ್ನು ನಾನೇ ಕೊಳ್ಳುತ್ತೇನೆ. ಇಷ್ಟು ವರ್ಷ ಶಾಲೆಯ ಮಕ್ಕಳ ಅಂಗಿ ಹೊಲಿದು ಕೂಡಿಟ್ಟದ್ದು ಅದಕ್ಕೆ ಸಾಕು. ನಿಮ್ಮ ಅಪ್ಪಣೆ ಕೇಳುತ್ತಿಲ್ಲ. ನೆಲ ಕೊಳ್ಳುವ ಮೊದಲು ಏನೇನು ನೋಡಬೇಕು, ಅಷ್ಟು ಹೇಳಿ. ದಡದವರೆಲ್ಲ ನೆಲವನ್ನು ಹೊಗಳುವವರೇ. ನೀವೊಬ್ಬರೇ ಬೈಯುವವರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನಿಮ್ಮ ಮಗಳು
ಲಾಯ್


ತ್ರಾ ಓನ್ ಸಂತೆ, ದೋಣಿಯಿಂದ
೨೭ ಜೂನ್

ಲಾಯ್,

ನಿನ್ನ ಕಾಗದ ಬೀಯ ಅಂಗಡಿಯಲ್ಲಿ ಡೀಸೆಲ್ ಕುಡಿದುಕೊಂಡು ಕೂತಿತ್ತು. ಇಂಜಿನ್ನಿಗೆ ಹಾಕಿದ್ದರೆ ಹೊತ್ತಿಕೊಳ್ಳುತ್ತಿತ್ತು. ಓದಿದ ಮೇಲೆ ನಾನೇ ಹೊತ್ತಿಕೊಂಡೆ.

ನದಿಯಲ್ಲಿ ಹುಟ್ಟಿದವಳು ಮೊದಲು ದಡದವನನ್ನು ಕಟ್ಟಿಕೊಂಡೆ. ಈಗ ದಡವನ್ನೇ ಕಟ್ಟಿಕೊಳ್ಳಲು ಹೊರಟಿದ್ದೀಯ. ನಮ್ಮ ಮನೆತನದಲ್ಲಿ ಯಾರಿಗೂ ಬೇಲಿ ಇರಲಿಲ್ಲ, ಬೇಲಿಯ ಜಗಳವೂ ಇರಲಿಲ್ಲ. ನಿನಗೆ ಎರಡೂ ಬೇಕು. ಆಗಲಿ. ನೀನು ಪಟ್ಟು ಹಿಡಿದರೆ ಬಿಡಿಸುವವರು ಯಾರು? ನಿನ್ನಮ್ಮನೂ ಹೀಗೇ ಇದ್ದಳು.

ತೋಟಗಳ ಹಣ್ಣು ಹೊತ್ತು ಮಾರಿ ನನ್ನ ಕೂದಲು ಬೆಳ್ಳಗಾಗಿದೆ. ಯಾವ ತೋಟ ಏಕೆ ಹಾಳಾಯಿತು ಎಂದು ಮಾಲೀಕರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಆದ್ದರಿಂದ ಕೇಳು. ಮರಗಳನ್ನು ನೋಡಬೇಡ, ಮರಗಳ ನಡುವಿನ ಕಾಲುವೆಯ ನೀರನ್ನು ನೋಡು. ನೀರು ಕನ್ನಡಿಯಂತೆ ತಿಳಿಯಾಗಿದ್ದು ತಳ ಕಾಣುತ್ತಿದ್ದರೆ "ಎಷ್ಟು ಚಂದ" ಎಂದು ಕುಣಿಯಬೇಡ, ಅದು ಹುಳಿಮಣ್ಣಿನ ನೀರು, ಅದರಲ್ಲಿ ಬಸವನಹುಳವೂ ಬದುಕುವುದಿಲ್ಲ. ಕೊಳಕಾಗಿ ಕಂದುಬಣ್ಣದಲ್ಲಿದ್ದರೆ ಸಂತೋಷಪಡು. ಒಂದು ಹಾರೆಯಷ್ಟು ಅಗೆದು ಮಣ್ಣಿನ ಹೆಂಟೆಯೊಂದನ್ನು ಮನೆಗೆ ಒಯ್ದು ಬಿಸಿಲಿಗಿಡು. ಒಣಗಿದಾಗ ಮೇಲೆ ಹಳದಿ ಪುಡಿ ಎದ್ದರೆ ಆ ನೆಲಕ್ಕೆ ಕೈ ಮುಗಿದು ಬಂದುಬಿಡು. ನಾಲಿಗೆಗೂ ಒಂದಿಷ್ಟು ಹಚ್ಚಿ ನೋಡು. ನಾಚಿಕೆಪಡಬೇಡ, ನಿನ್ನ ಗಂಡ ಕ್ವಾಯ್ ನೋಡಿದರೆ ನೋಡಲಿ.

ಬೇಸಿಗೆಯಲ್ಲಿ ಕಡಲಿನ ಉಪ್ಪು ಅಲ್ಲಿಯವರೆಗೆ ಏರುತ್ತದೆಯೇ ಎಂದು ಮಾರುವವನನ್ನು ಕೇಳಬೇಡ. ಪಕ್ಕದ ಮನೆಯ ಹೆಂಗಸನ್ನು ಕೇಳು. ಅದೂ ನೇರವಾಗಿ ಕೇಳಬೇಡ, "ಮೂರನೇ ತಿಂಗಳಲ್ಲಿ ಕುಡಿಯೋ ನೀರು ಎಲ್ಲಿಂದ ತರ್ತೀರಿ?" ಎಂದು ಕೇಳು. ದಾರಿ ಯಾರ ನೆಲದ ಮೇಲೆ ಹಾದು ಬರುತ್ತದೆ ನೋಡು. ಇವತ್ತು ಹಲ್ಲು ಕಿರಿಯುವ ನೆರೆಯವನು ನಾಳೆ ದಾರಿಗೆ ಅಡ್ಡ ಬಾಳೆಗಿಡ ನೆಡುತ್ತಾನೆ. ಮತ್ತೆ ಹ್ವೆ ಅಜ್ಜಿಗೆ ತ್ವಾನ್ ಒಬ್ಬನೇ ಮಗನಲ್ಲ, ದೂರದಲ್ಲಿ ಒಬ್ಬ ಮಗಳಿದ್ದಾಳೆ. ಅವಳ ರುಜು ಇಲ್ಲದ ಕಾಗದ ಮೀನು ಸುತ್ತಲು ಆದೀತು.

ದಡದ ವಿಷಯ ಮಾತ್ರ ನೀನು ತಲೆ ಕೆಡಿಸಿಕೊಳ್ಳಬೇಡ. ಅದು ನನ್ನ ವಿಷಯ. ಬೇರೆ ಕಡೆ ನದಿ ದಡ ತಿನ್ನುತ್ತದೆ, ಅಲ್ಲಿ ಇಲ್ಲ. ನಿನ್ನಮ್ಮನನ್ನು ಮಣ್ಣು ಮಾಡಿದ ದಿನ ದಡದ ಅಂಚಿನ ಬನ್ ಮರಕ್ಕೆ ದೋಣಿ ಕಟ್ಟಿದ್ದೆ. ಇವತ್ತಿಗೂ ತಿಥಿಗೆ ಬಂದಾಗ ಅದೇ ಮರಕ್ಕೆ ಕಟ್ಟುತ್ತೇನೆ. ಒಣಗಿ ಮೋಟಾಗಿದೆ, ಆದರೆ ಅಲುಗಿಲ್ಲ. ದೋಣಿಯಲ್ಲೇ ಕೂತು ಅವಳ ಜೊತೆ ಚಹ ಕುಡಿಯುತ್ತೇನೆ. ಹಿಂದೆ ಸಮಾಧಿಯ ತಲೆಕಲ್ಲು ಮಾತ್ರ ಕಾಣುತ್ತಿತ್ತು. ಈಗ ಊದುಬತ್ತಿಯ ಡಬ್ಬಿಯೂ ಕಾಣುತ್ತದೆ. ಮುದುಕನಾದಷ್ಟೂ ಕಣ್ಣು ಚುರುಕಾಗುತ್ತಿದೆ.

ನಿನ್ನ ಅಪ್ಪ
ತಾಮ್


ಕಾನ್ ಥೋ
೨ ಆಗಸ್ಟ್

ಅಪ್ಪನಿಗೆ,

ಮಣ್ಣು ತಿಂದೆ. ಹುಳಿ ಇಲ್ಲ. ಕ್ವಾಯ್ ಹಿಂದೆ ನಿಂತು "ಉಪ್ಪು ಖಾರ ಏನಾದ್ರೂ ಬೇಕಾ?" ಎಂದು ಕೇಳಿದರು. ಮೋಟಾರ್‌ಸೈಕಲ್ಲಿನಲ್ಲಿ ಜನರನ್ನು ಕೂರಿಸಿ ಓಡಿಸುವವರಿಗೆ ಮಣ್ಣಿನ ರುಚಿ ಏನು ಗೊತ್ತು ಎಂದೆ. ಹೆಂಟೆ ಎಂಟು ದಿನ ಕಿಟಕಿಯಲ್ಲಿತ್ತು, ಪುಡಿ ಏಳಲಿಲ್ಲ. ಕಾಲುವೆಯ ನೀರು ನಿಮಗೆ ಇಷ್ಟವಾಗುವಷ್ಟು ಕೊಳಕು. ಬಸವನಹುಳಗಳಿಗಂತೂ ಅದು ಸ್ವರ್ಗ.

ಪಕ್ಕದ ಮನೆಯ ಹೆಂಗಸಿನ ಹೆಸರು ಗಾಮ್. ಕುಡಿಯುವ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟಳು. "ಉಪ್ಪು ಬರತ್ತಾ ಅಂತ ತಾನೆ ನೀನು ಕೇಳ್ಬೇಕಾಗಿದ್ದು? ಕಡು ಬೇಸಿಗೇಲಿ ನಾಲ್ಕು ದಿನ ಬರತ್ತೆ. ತೂಬು ಮುಚ್ಕೊಂಡು ಕೂತಿರ್ಬೇಕು" ಎಂದಳು. ನಿಮ್ಮ ಜಾಣತನ ದಡದ ಹೆಂಗಸಿನ ಮುಂದೆ ನಡೆಯಲಿಲ್ಲ. ದಾರಿ ಅವರ ನೆಲದ ಮೇಲೇ ಬರುತ್ತದೆ. ಅವಳ ಗಂಡ "ಹೋಗಿ ಬನ್ನಿ, ಯಾರು ಬೇಡ ಅಂತಾರೆ?" ಎಂದ. "ಅದನ್ನೇ ಕಾಗದದ ಮೇಲೆ ಬರೆದುಕೊಡಿ ಅಣ್ಣಾ" ಎಂದೆ. ಮುಖ ಸಣ್ಣದು ಮಾಡಿಕೊಂಡ. ನಾನು ಏಳಲಿಲ್ಲ. ಗಾಮ್ ಅನ್ನಕ್ಕಿಟ್ಟು, ಮೀನು ಹುರಿದು, ಊಟ ಬಡಿಸಿದರೂ ನಾನು ಏಳಲಿಲ್ಲ. ಕೊನೆಗೆ ಬರೆದುಕೊಟ್ಟ.

ತ್ವಾನನ ಅಕ್ಕ ಇರುವುದು ಕಾ ಮಾವ್‌ನಲ್ಲಿ. ಬಸ್ಸು, ಲಾಂಚು, ಮತ್ತೆ ಬಸ್ಸು. "ತೋಟ ಮಾರ್ತಿರೋದು ನಂಗೆ ಗೊತ್ತೇ ಇಲ್ಲ" ಎಂದು ಅವಳು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಿ, ಅವಳ ಪಾಲು ಕೊಡುತ್ತೇನೆಂದು ತ್ವಾನನಿಂದ ಹೇಳಿಸಿದೆ. ರುಜು ಹಾಕುತ್ತಾಳೆ. ತ್ವಾನನಿಗೆ ನನ್ನನ್ನು ಕಂಡರೆ ಈಗ ಹೊಟ್ಟೆ ಉರಿ.

ನೀವು ಕೇಳಿದ್ದೆಲ್ಲ ಆಯಿತು. ಇನ್ನೇನಾದರೂ ಅಡ್ಡಿ ಹುಡುಕುವುದಿದ್ದರೆ ಬೇಗ ಹುಡುಕಿ. ಮುಂದಿನ ತಿಂಗಳು ಮುಂಗಡ ಕೊಡುತ್ತೇನೆ.

ಒಂದು ಮಾತು. ನಮ್ಮ ಮನೆ ಕಾಯ್ ರಾಂಗ್ ಕಟ್ಟೆಯಿಂದ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಮದುವೆಯಾದಾಗಿನಿಂದ ನೀವು ಒಮ್ಮೆಯೂ ಬಂದಿಲ್ಲ. "ನಿನ್ನ ಅಪ್ಪಂಗೆ ನಾನು ಬೇಡ್ವಾ, ನೆಲ ಬೇಡ್ವಾ?" ಎಂದು ಕ್ವಾಯ್ ಕೇಳುತ್ತಾರೆ. ನಾನು ಏನು ಹೇಳಲಿ? ನನಗೆ ಬೇಜಾರಾಗುತ್ತದೆ ಅಪ್ಪಾ.

ಲಾಯ್


ಫುಂಗ್ ಹೀಪ್
೧೯ ಆಗಸ್ಟ್

ಲಾಯ್,

ಕುಂಬಳಕಾಯಿ ತುಂಬಿಸುತ್ತಿದ್ದೇನೆ, ಹೊತ್ತಿಲ್ಲ.

ಮುಂಗಡ ಕೊಡುವ ಮೊದಲು ಅಳತೆ ಮಾಡಿಸು. ಹಕ್ಕುಪತ್ರದ ಕೆಂಪು ಪುಸ್ತಕದಲ್ಲಿ ಬರೆದಿರುವ ನೆಲವನ್ನು ಯಾರು ಬೇಕಾದರೂ ಮಾರಬಹುದು. ಹಗ್ಗ ಹಿಡಿದು ನಾಲ್ಕೂ ಕಡೆ ನಡೆದಾಗ ಕಾಲ ಕೆಳಗೆ ಸಿಗುವುದೇ ನಿನ್ನ ನೆಲ. ಊರ ಕಚೇರಿಯ ಅಳತೆಯವನನ್ನು ಕರೆದುಕೊಂಡು ಹೋಗು, ಅವನಿಗೆ ಕಾಫಿ ಕುಡಿಸು, ಹಗ್ಗದ ಒಂದು ತುದಿಯನ್ನು ನೀನೇ ಹಿಡಿದುಕೊ.

ನೆಲದ ಮೇಲೆ ನಡೆದರೆ ನನಗೆ ಮೊಣಕಾಲು ನೋಯುತ್ತದೆ ಎಂದು ಕ್ವಾಯ್‌ಗೆ ಹೇಳು. ಬೇರೇನೂ ಇಲ್ಲ.

ತಾಮ್


ಕಾನ್ ಥೋ
೧೦ ಸೆಪ್ಟೆಂಬರ್

ಅಪ್ಪನಿಗೆ,

ನೀವು ಹೇಳಿದಂತೆ ಅಳತೆ ಮಾಡಿಸಿದೆ. ಏನೋ ಸರಿಯಿಲ್ಲ.

ಕೆಂಪು ಪುಸ್ತಕದಲ್ಲಿ ತೋಟದ ನಕ್ಷೆಯಿದೆ. ಹಿಂದಿನ ಮೇರೆ ದೊಡ್ಡ ಕಾಲುವೆ. ಮುಂದಿನ ಮೇರೆ "ದಡದ ಬನ್ ಮರ". ಎಂಟು ವರ್ಷದ ಹಿಂದೆ ಅಳೆದದ್ದು. ಅಳತೆಯವನು ಹಿಂದಿನ ಕಾಲುವೆಯಲ್ಲಿ ಗೂಟ ಹೊಡೆದ. ಪುಸ್ತಕದ ಅಳತೆಗೆ ಸರಿಯಾಗಿ ಕತ್ತರಿಸಿದ ಹಗ್ಗದ ತುದಿ ಹಿಡಿದು ನಾನು ನದಿಯ ಕಡೆ ನಡೆದೆ. ಚಕ್ಕೋತದ ಮರಗಳು ಮುಗಿದವು, ಅಮ್ಮನ ಸಮಾಧಿ ದಾಟಿತು, ದಡದ ಅಂಚಿಗೆ ಬಂದು ನಿಂತೆ. ನನ್ನ ಕೈಯಲ್ಲಿ ಇನ್ನೂ ಹಗ್ಗ ಉಳಿದಿತ್ತು. "ಇನ್ನೂ ಮುಂದೆ ಹೋಗಿ ಅಕ್ಕಾ" ಎಂದು ಅವನು ಹಿಂದಿನಿಂದ ಕೂಗುತ್ತಾನೆ. ಮುಂದೆ ನೀರು.

ದಡದಲ್ಲಿ ಯಾವ ಬನ್ ಮರವೂ ಇಲ್ಲ. ಬುಡವೂ ಇಲ್ಲ. "ಯಾರೋ ಸೌದೆಗೆ ಕಡಿದಿರ್ಬೇಕು" ಎಂದ ತ್ವಾನ್. ಅಳತೆಯವನು "ಹಗ್ಗ ನೆನೆದು ಹಿಗ್ಗಿದೆ" ಎಂದ. ಹಗ್ಗ ನೆನೆದರೆ ಕುಗ್ಗುತ್ತದೆ ಎನ್ನುವುದು ದೋಣಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ಅಮ್ಮನ ಸಮಾಧಿಗೂ ದಡಕ್ಕೂ ನಡುವೆ ಒಂದು ಕಾಲುದಾರಿ ಇತ್ತಲ್ಲವೇ? ನಾನು ಮರದ ಕೆಳಗೆ ಕೂತು ಅತ್ತದ್ದು, ಅಲ್ಲಿಂದ ಎದ್ದು ದಾರಿ ದಾಟಿ ಸಮಾಧಿಯ ಹತ್ತಿರ ಬಂದದ್ದು ನೆನಪಿದೆ. ಆ ದಾರಿಯೂ ಕಾಣಲಿಲ್ಲ.

ಈ ಸೋಮವಾರ ಕೊಡಬೇಕಿದ್ದ ಮುಂಗಡವನ್ನು ತಡೆಹಿಡಿದಿದ್ದೇನೆ. ತ್ವಾನ್ ಮೀನಿನವನ ಹೆಸರು ಹೇಳಿ ಹೆದರಿಸುತ್ತಿದ್ದಾನೆ. ನೀವು ದೋಣಿ ಕಟ್ಟುವ ಮರ ಎಲ್ಲಿದೆ ಅಪ್ಪಾ?

ಲಾಯ್


ಬನ್ ಹಳ್ಳ, ಹ್ವೆ ಅಜ್ಜಿಯ ತೋಟದ ಮುಂದೆ
೨೧ ಸೆಪ್ಟೆಂಬರ್

ಮಗಳೇ ಲಾಯ್,

ನಿನ್ನ ಕಾಗದ ಓದಿದವನೇ ಕುಂಬಳಕಾಯಿಗಳನ್ನು ಬೀಯ ಕಟ್ಟೆಯಲ್ಲಿ ಅರ್ಧ ಬೆಲೆಗೆ ಇಳಿಸಿ ಇಲ್ಲಿಗೆ ಬಂದೆ. ಎಂದಿನಂತೆ ಮೋಟುಮರಕ್ಕೆ ದೋಣಿ ಕಟ್ಟಿದೆ. ಎಂದಿನಂತೆ ಚಹ ಕಾಯಿಸಿದೆ. ಕುಡಿಯುವಾಗ ಮರದ ಕಡೆ ನೋಡಿದೆ. ಇಷ್ಟು ವರ್ಷ ಒಮ್ಮೆಯೂ ಅದರ ಆಚೆ ಬದಿಯನ್ನು ನಾನು ನೋಡಿರಲಿಲ್ಲ.

ಆಚೆ ಬದಿಯಲ್ಲೂ ನೀರಿದೆ, ಲಾಯ್. ಮರ ನದಿಯ ಒಳಗೆ ನಿಂತಿದೆ.

ಅದು ನಿಂತಿದ್ದ ನೆಲ ಹಾಗೇ ತಟ್ಟೆಯಂತೆ ಕೆಳಗೆ ಜಾರಿದೆ, ಮರ ಬೀಳದೆ ಜೊತೆಯಲ್ಲೇ ಇಳಿದಿದೆ. ದಡದಲ್ಲಿ ನಿಂತ ನಿನಗೆ ಅದು ಯಾರೋ ಬಲೆ ಕಟ್ಟಲು ಹುಗಿದ ಗೂಟದಂತೆ ಕಂಡಿರಬೇಕು. ಅದರ ಹಿಂದೆ ಇನ್ನೊಂದು ತುಂಡು ಹೋಗಿದೆ, ಅದರ ಹಿಂದೆ ಇನ್ನೊಂದು. ನಾನು ಪ್ರತಿ ವರ್ಷ ಬಂದೆ, ಅದೇ ಮರ ಅದೇ ಬಲಗಡೆಗೆ ಸಿಕ್ಕಿತು, ಅದೇ ಗಂಟು ಹಾಕಿದೆ. ಮರ ನನ್ನ ಪಕ್ಕದಲ್ಲಿದ್ದರೆ ದಡವೂ ಅಲ್ಲೇ ಇದೆ ಎಂದುಕೊಂಡೆ. ನೀರಿನವನು ನೀರಿನ ಕಡೆಯಿಂದ ನೋಡಿದೆ. ಕಣ್ಣು ಚುರುಕಾಗಿದೆ ಎಂದು ನಿನಗೆ ಜಂಬ ಕೊಚ್ಚಿಕೊಂಡೆನಲ್ಲ, ಕಣ್ಣಲ್ಲ ಮಗಳೇ, ನಡುವಿನ ನೆಲ ಕರಗಿ ಅವಳೇ ನನ್ನ ಹತ್ತಿರ ಬರುತ್ತಿದ್ದಳು.

ಉದ್ದನೆಯ ಬಿದಿರು ಗಳ ತೆಗೆದುಕೊಂಡು ದಡದ ಅಡಿಗೆ ಚುಚ್ಚಿದೆ. ಗಟ್ಟಿ ಮಣ್ಣು ತಗುಲುತ್ತದೆಂದು ಮೈಭಾರ ಬಿಟ್ಟವನು ಮುಗ್ಗರಿಸಿ ನೀರಿಗೆ ಬೀಳುವುದರಲ್ಲಿದ್ದೆ. ಗಳ ಪೂರ್ತಿ ಒಳಗೆ ಹೋಯಿತು. ಕೆಳಗೆ ಟೊಳ್ಳು. ಕಪ್ಪೆಯ ದವಡೆ ಎನ್ನುತ್ತೇವಲ್ಲ, ಅದು. ಮೇಲೆ ಹುಲ್ಲು, ಹೂವು, ನಿನ್ನಮ್ಮ. ಕೆಳಗೆ ನದಿ ಬಾಯಿ ತೆರೆದುಕೊಂಡು ಕೂತಿದೆ.

ಕೊಳ್ಳಬೇಡ. ಒಂದು ಕಾಸೂ ಕೊಡಬೇಡ. ಗಾಮ್ ಮನೆಯವರಿಗೂ ಹೇಳು, ಮುಂದಿನ ಸರದಿ ಅವರದು. ಆ ಮೀನಿನವನಿಗೂ ಹೇಳಿಬಿಡು.

ನದಿ ಕಾಣುವ ಕಡೆ ಕೊಡಿ ಎಂದು ಕೇಳಿದವನು ನಾನು. ಅಜ್ಜಿ ಒಳಗಿನ ಮಾವಿನ ಮರದ ಬುಡ ತೋರಿಸಿದ್ದರು. ನಾನೇ ಬೇಡವೆಂದೆ.

ನಿನಗೆ ಬೇರೆ ಒಳ್ಳೆಯ ನೆಲ ಬೇಕಾದರೆ ನಿನ್ನಲ್ಲಿರುವುದು ಸಾಲುವುದಿಲ್ಲ. ನಾಳೆ ಕಾಯ್ ರಾಂಗ್‌ಗೆ ಹೋಗಿ ದೋಣಿಯ ಗಳಕ್ಕೆ ಗರಿ ನೇತುಹಾಕುತ್ತೇನೆ. ಇಂಜಿನ್ ಹಳೆಯದಾದರೂ ಮರ ಗಟ್ಟಿಯಿದೆ, ಯಾರಾದರೂ ಕೊಳ್ಳುತ್ತಾರೆ.

ನಿನ್ನ ಅಪ್ಪ


ಕಾನ್ ಥೋ
೨೫ ಸೆಪ್ಟೆಂಬರ್

ಅಪ್ಪನಿಗೆ,

ಈ ಚೀಟಿ ಕೈಗೆ ಬಂದ ತಕ್ಷಣ ಆ ಗರಿಯನ್ನು ಕೆಳಗಿಳಿಸಿ.

ನಿನ್ನೆ ಅಂಗಿಗೆ ಗುಂಡಿ ತರಲು ಸಂತೆಕಟ್ಟೆಗೆ ಹೋಗಿದ್ದೆ. ಸಾಲಿನಲ್ಲಿ ಒಂದು ದೋಣಿಯ ಗಳದ ಮೇಲೆ ಅನಾನಸು, ಒಂದರ ಮೇಲೆ ಗೆಣಸು, ನಿಮ್ಮದರ ಮೇಲೆ ತೆಂಗಿನ ಗರಿ. ಕುಂಬಳಕಾಯಿ ಕಟ್ಟಿದವನು ಕುಂಬಳಕಾಯಿ ಮಾರುತ್ತಾನೆ, ಗರಿ ಕಟ್ಟಿದವನು ದೋಣಿಯನ್ನೇ ಮಾರುತ್ತಾನೆ. ಕಟ್ಟೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೀವು ಎಲ್ಲಿಗೋ ಹೋಗಿದ್ದಿರಿ, ಸಿಕ್ಕಿದ್ದರೆ ಅಲ್ಲೇ ಕೂಗಾಡುತ್ತಿದ್ದೆ. "ಮಗಳು ನೆಲ ತಗೊಳ್ತಾಳಂತೆ, ಅಪ್ಪ ದೋಣಿ ಮಾರ್ತಾನಂತೆ" ಎಂದಳು ಬೀ ಅಕ್ಕ. ನಾನು ಹುಟ್ಟಿದ ದೋಣಿ ಅದು. ಅದನ್ನು ಮಾರಿದ ದುಡ್ಡಿನಲ್ಲಿ ಕೊಂಡ ನೆಲದ ಮೇಲೆ ನಾನು ಕಾಲಿಡುವುದಿಲ್ಲ.

ನಿಮ್ಮ ಕಾಗದ ಓದಿ ಅತ್ತೆ. ಆಮೇಲೆ ಕೋಪ ಬಂತು, ನಿಮ್ಮ ಮೇಲಲ್ಲ. ನೀವು ನದಿಯ ಕಡೆಯಿಂದ ನೋಡಿದಿರಿ. ನಾನು ಮಣ್ಣು ತಿಂದು, ಕಾ ಮಾವ್‌ಗೆ ಹೋಗಿ, ಎಲ್ಲವನ್ನೂ ದಾರಿಯ ಕಡೆಯಿಂದ ನೋಡಿದೆ. ಒಬ್ಬರೂ ಪೂರ್ತಿ ನೋಡಲಿಲ್ಲ. ಅಮ್ಮ ಮಾತ್ರ ನಡುವೆ ಮಲಗಿದ್ದಳು.

ಗಾಮ್‌ಗೆ ಹೇಳಿದೆ. ಅವಳ ಗಂಡ ಗಳ ಹಿಡಿದು ಹೋಗಿ ನೋಡಿ ಬಂದು, ಮನೆಯ ಹೆಂಚು ಎಣಿಸತೊಡಗಿದ. ಮೀನಿನವನು ನಕ್ಕ. ತ್ವಾನ್ ನನ್ನ ಜೊತೆ ಮಾತು ಬಿಟ್ಟ.

ಆದರೆ ನಾನು ಬಿಡುವುದಿಲ್ಲ. ತೆತ್ ಹಬ್ಬದೊಳಗೆ ಅಮ್ಮನಿಗೆ ನಮ್ಮದೇ ನೆಲ ಬೇಕು. ಹಗ್ಗ ಹಿಡಿದು ದಡದಲ್ಲಿ ನಿಂತಿದ್ದಾಗ ಎದುರು ದಡ ಕಂಡಿತ್ತು. ಬರೀ ಕೆಸರು, ನೀರುತೆಂಗಿನ ಪೊದೆ, ಅದರ ಹಿಂದೆ ಒಂದು ಗುಡಿಸಲು. ಗಾಮ್ ಹೇಳಿದಳು: "ಅದು ಊತ್ ಮಾಮಂದು. ದಾರಿ ಇಲ್ಲ, ದೋಣಿಯಿಲ್ದೆ ಹೋಗಕ್ಕಾಗಲ್ಲ, ಅದಕ್ಕೆ ಯಾರೂ ತಗೊಳಲ್ಲ." ದೋಣಿಯಿಲ್ಲದೆ ಹೋಗಲಾಗದ ನೆಲ! ಇನ್ಯಾರಿಗೆ ಬೇಡದಿದ್ದರೂ ನಮಗೆ ಬೇಕು. ಅದಕ್ಕಾದರೂ ದೋಣಿ ಇರಬೇಕಲ್ಲವೇ?

ನೀವು ನೀರಿನ ಕಡೆಯಿಂದ ನೋಡಿ. ನಾನು ನೆಲದ ಕಡೆಯಿಂದ ನೋಡುತ್ತೇನೆ. ಆಮೇಲೆ ಜಾಗ ಬದಲಾಯಿಸಿಕೊಳ್ಳೋಣ.

ಲಾಯ್


ಬನ್ ಹಳ್ಳ, ಊತ್‌ನ ಕಡೆಯಿಂದ
೨೬ ನವೆಂಬರ್

ಲಾಯ್,

ಗರಿ ಇಳಿಸಿ ಎರಡು ತಿಂಗಳಾಯಿತು, ಇನ್ನು ಅದನ್ನೆತ್ತಿ ಬೈಯಬೇಡ. ಅಂಗಡಿಯ ಬೀಗೂ ಹೇಳು, ಸಾಕಾಗಿದೆ.

ನೀನು ಬಂದು ಹಿಂದಿನ ಕಡೆ ನೋಡಿ ಹೋದ ಮೇಲೆ ನಾನು ಹುಣ್ಣಿಮೆಯ ಉಬ್ಬರಕ್ಕಾಗಿ ಕಾದೆ. ಚಾಂದ್ರಮಾನದ ಹತ್ತನೇ ತಿಂಗಳ ಹುಣ್ಣಿಮೆಗಿಂತ ದೊಡ್ಡ ನೀರು ವರ್ಷದಲ್ಲೇ ಇಲ್ಲ, ಕೊಳ್ಳುವ ನೆಲವನ್ನು ಆ ದಿನವೇ ನೋಡಬೇಕು. ಊತ್ ಹಣ್ಣುಹಣ್ಣು ಮುದುಕ, ಒಬ್ಬನೇ. "ನೀರು ಬರಲ್ವಾ?" ಎಂದು ಕೇಳಿದೆ. "ಬರತ್ತೆ ತಾಮ್ ಅಣ್ಣಾ, ಮೊಣಕಾಲವರೆಗೆ ಬರತ್ತೆ. ಸುಳ್ಳು ಹೇಳಿ ಎಲ್ಲಿಗೆ ಹೋಗ್ಲಿ?" ಎಂದ. ಮಾರುವವನು ತನ್ನ ನೆಲದ ಕೊರತೆ ತಾನೇ ಹೇಳಿದ್ದು ನನ್ನ ಜನ್ಮದಲ್ಲಿ ಮೊದಲು. ಬಂತು, ಅಂಗಳದಲ್ಲಿ ಮೊಣಕಾಲವರೆಗೆ ಬಂತು, ಮಂಚದ ಮೇಲೆ ಕಾಲು ಮಡಚಿಕೊಂಡು ಇಬ್ಬರೂ ಒಣಮೀನು ತಿಂದೆವು. ಇಳಿತಕ್ಕೆ ಹೊರಟೂಹೋಯಿತು. ಹಿಂದಿನ ದಿಬ್ಬ, ನೀನು ಹಲಸಿನ ಮರದ ಹತ್ತಿರ ಗುರುತು ಹಾಕಿದ್ದೀಯಲ್ಲ, ಅಲ್ಲಿ ಪಾದವೂ ನೆನೆಯಲಿಲ್ಲ.

ದಡವನ್ನು ಈ ಸಲ ಗಳದಿಂದ ಚುಚ್ಚಿದೆ. ಅಡಿಯಲ್ಲಿ ಟೊಳ್ಳಿಲ್ಲ. ಮೆಕ್ಕಲುಮಣ್ಣು ದೂರದವರೆಗೆ ಇಳಿಜಾರಾಗಿ ಹಬ್ಬಿದೆ, ಯಾರೂ ನೆಡದ ಬನ್ ಸಸಿಗಳು ತಾವಾಗಿ ಎದ್ದಿವೆ. ಹಳ್ಳ ಇಲ್ಲಿ ತಿರುಗುತ್ತದೆ. ಆ ದಡದಲ್ಲಿ ತಿಂದದ್ದನ್ನೆಲ್ಲ ಈ ದಡಕ್ಕೆ ತಂದು ಹಾಕುತ್ತಿದೆ. ನಿನ್ನಮ್ಮನ ಮುಂದಿದ್ದ ಆ ಕಾಲುದಾರಿ, ನೀನು ಕೂತು ಅತ್ತ ನೆಲ, ಎಲ್ಲ ಇಲ್ಲೇ ಎಲ್ಲೋ ಇರಬೇಕು. ಒಂದು ಹಿಡಿ ತೆಗೆದು ನಾನೂ ನಾಲಿಗೆಗೆ ಹಚ್ಚಿ ನೋಡಿದೆ.

ಎಚ್ಚರ, ಆ ಹೊಸ ಕೆಸರು ಊತ್‌ನದಲ್ಲ, ಸರ್ಕಾರದ್ದು. ಅದನ್ನು ಸೇರಿಸಿ ಲೆಕ್ಕ ಹಾಕಬೇಡ. ಹಿಂದಿನ ಹಳೆಯ ನೆಲ ಮಾತ್ರ ಕೊಳ್ಳು.

ಒಂದೇ ಅಡ್ಡಿ. ಹಲಸಿನ ಮರದ ಹತ್ತಿರ ಸಮಾಧಿ ಮಾಡಿದರೆ ನೀರುತೆಂಗಿನ ಮರೆಯಲ್ಲಿ ದೋಣಿಗೆ ಏನೂ ಕಾಣುವುದಿಲ್ಲ. ಸ್ವಲ್ಪ ಮುಂದೆ, ದಡದ ಹತ್ತಿರ ಮಾಡು. ಈ ದಡ ಹೋಗುವುದಿಲ್ಲ ಎಂದು ಹೇಳಿದೆನಲ್ಲ.

ತಾಮ್


ಕಾನ್ ಥೋ
೧೪ ಜನವರಿ ೨೦೦೦

ಅಪ್ಪನಿಗೆ,

ನಿನ್ನೆ ಊರ ಕಚೇರಿಯಲ್ಲಿ ರುಜು ಆಯಿತು. ಅಳತೆ ಮಾಡಿಸಿಯೇ ರುಜು ಹಾಕಿದೆ. ಈ ಸಲ ಹಗ್ಗ ಮುಗಿದಾಗ ನನ್ನ ಕಾಲ ಕೆಳಗೆ ನೆಲ ಇತ್ತು. ಊತ್ ಮಾಮ ಇರುವವರೆಗೂ ಆ ಗುಡಿಸಲಿನಲ್ಲೇ ಇರಲಿ ಎಂದು ನಾನೇ ಬರೆಸಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ದಯವಿಟ್ಟು ತಲೆ ಮೇಲೆ ಇಟ್ಕೊಳ್ಳಿ ಮಾಮ" ಎಂದೆ.

ಚಾಂದ್ರಮಾನದ ಹನ್ನೆರಡನೇ ತಿಂಗಳ ಇಪ್ಪತ್ತೈದಕ್ಕೆ, ತೆತ್‌ಗೆ ಮುಂಚೆ ಎಲ್ಲರೂ ಸಮಾಧಿ ಶುಚಿ ಮಾಡುವ ದಿನ, ಅಮ್ಮನನ್ನು ತರೋಣ. ಸೂರ್ಯ ಕಾಣುವ ಮೊದಲು ಎಲುಬುಗಳನ್ನು ಎತ್ತಬೇಕು. ತೊಳೆಯಲು ಅಕ್ಕಿಯ ಸಾರಾಯಿ ನಾನು ತರುತ್ತೇನೆ, ಮಣ್ಣಿನ ಪೆಟ್ಟಿಗೆ ಕ್ವಾಯ್ ತರುತ್ತಾರೆ. ಹೊಳೆ ದಾಟಿಸುವುದು ನಿಮ್ಮ ಕೆಲಸ.

ಸಮಾಧಿ ಹಲಸಿನ ಮರದ ಹತ್ತಿರವೇ. ಮುಂದೆ ಬರುವುದಿಲ್ಲ. ದೋಣಿಯಿಂದ ಕಾಣದಿದ್ದರೆ ದೋಣಿಯಿಂದ ಇಳಿಯಿರಿ. ಅವಳು ಇಷ್ಟು ವರ್ಷ ನಿಮ್ಮ ಕಡೆಗೆ ಬಂದದ್ದು ಸಾಕು. ಇನ್ನು ನೀವು ಹೋಗಿ.

ಲಾಯ್


ಕಾಯ್ ಬೆ ಸಂತೆ
೨೦ ಫೆಬ್ರವರಿ

ಲಾಯ್,

ಹಬ್ಬ ಮುಗಿಯಿತು, ಮತ್ತೆ ಕುಂಬಳಕಾಯಿ.

ಆ ದಿನ ಹಳ್ಳ ದಾಟಲು ಅಷ್ಟು ಹೊತ್ತು ಏಕೆ ಮಾಡಿದಿರಿ ಎಂದು ಎಲ್ಲರ ಮುಂದೆ ನನ್ನನ್ನು ಬೈದೆಯಲ್ಲ, ಕ್ವಾಯ್ ಕೂಡ ಹಲಸಿನ ಮರದ ಕೆಳಗೆ ಗುದ್ದಲಿ ಹಿಡಿದು ಕಾಯುತ್ತಿದ್ದ. ಉತ್ತರ ಈಗ ಹೇಳುತ್ತೇನೆ. ಎದುರು ದಡಕ್ಕೆ ನೇರವಾಗಿ ಹೋದರೆ ಎಷ್ಟು ಹೊತ್ತಿನ ಮಾತು? ಬೀಡಿ ಹಚ್ಚುವುದರೊಳಗೆ ಮುಗಿಯುತ್ತಿತ್ತು. ಇಷ್ಟು ವರ್ಷದ ಮೇಲೆ ದೋಣಿ ಹತ್ತಿದವಳನ್ನು ಹಾಗೆ ಇಳಿಸಿಬಿಡಲು ನನಗೆ ಮನಸ್ಸು ಬರಲಿಲ್ಲ. ಹಳ್ಳದ ಬಾಯಿಯವರೆಗೆ ಕರೆದುಕೊಂಡು ಹೋಗಿ ದೊಡ್ಡ ನದಿ ತೋರಿಸಿಕೊಂಡು ಬಂದೆ. ಗೆಣಸಿನ ದೋಣಿಯವರು ಎದುರಾಗಿ "ತಾಮ್ ಅಣ್ಣಾ, ಏನು ಸರಕು?" ಎಂದರು. "ಮಾರೋದಲ್ಲ" ಎಂದೆ.

ಮೊನ್ನೆ ಈ ಕಡೆ ಬರುವಾಗ ಹಳೆಯ ದಡದ ಮುಂದೆ ಹಾದುಬಂದೆ. ಅವಳು ಮಲಗಿದ್ದ ಗುಂಡಿಯ ಅರ್ಧ ಆಗಲೇ ಇಲ್ಲ. ಗಾಮ್ ಮನೆಯವರು ಹೆಂಚು ಇಳಿಸಿ ಹಿಂದಕ್ಕೆ ಸಾಗಿಸುತ್ತಿದ್ದರು. ಮೋಟುಮರ ಬಿದ್ದುಹೋಗಿದೆ. ನಿಲ್ಲಬೇಕೆನಿಸಲಿಲ್ಲ.

ನಿನ್ನ ದಡಕ್ಕೆ ಹೋದೆ. ನೀನು ಗುರುತಿಗೆಂದು ಬೇಲಿ ಹಾಕಿದ ಬನ್ ಸಸಿಯ ಪಕ್ಕದ ಗೂಟಕ್ಕೆ ದೋಣಿ ಕಟ್ಟಿ, ಚಹದ ಹೂಜಿ ಹಿಡಿದುಕೊಂಡು ಇಳಿದೆ. ಕೆಸರಿನಲ್ಲಿ ಎರಡು ಸಲ ಜಾರಿದೆ. ಊತ್ ಬಾಗಿಲಲ್ಲಿ ನಿಂತು ಹಲ್ಲಿಲ್ಲದ ಬಾಯಲ್ಲಿ ನಕ್ಕ. ಹಲಸಿನ ಮರದ ಕೆಳಗೆ ಕೂತು ಅವಳ ಜೊತೆ ಚಹ ಕುಡಿದೆ. ದೋಣಿ ಅಲ್ಲಿಂದ ಕಾಣುವುದಿಲ್ಲ. ಮೊದಲು ಕಸಿವಿಸಿಯಾಯಿತು, ಆಮೇಲೆ ಅಭ್ಯಾಸವಾಯಿತು.

ಆದರೆ ಒಂದು ವಿಷಯ ನೀನು ನೋಡಲಿಲ್ಲ, ನೆಲ ಕೊಳ್ಳುವ ಮೊದಲು ನಾನೂ ಹೇಳಲಿಲ್ಲ. ಈ ದಡ ವರ್ಷವರ್ಷವೂ ಮುಂದಕ್ಕೆ ಬೆಳೆಯುತ್ತದೆ. ಇವತ್ತು ನೀರಿನಲ್ಲಿರುವ ಆ ಗೂಟ ಮುಂದಿನ ತಿಥಿಗೆ ಒಣನೆಲದಲ್ಲಿರುತ್ತದೆ. ನಾನು ಪ್ರತಿ ಸಲವೂ ದೋಣಿಯನ್ನು ಇನ್ನೂ ದೂರ ಕಟ್ಟಿ, ಇನ್ನೂ ಹೆಚ್ಚು ನಡೆದು ಅವಳ ಹತ್ತಿರ ಹೋಗಬೇಕಾಗುತ್ತದೆ. ಅದಕ್ಕೆ ಈಗಿನಿಂದಲೇ ನೆಲದ ಮೇಲೆ ನಡೆದು ಅಭ್ಯಾಸ ಮಾಡಿಕೊಳ್ಳಬೇಕು.

ಭಾನುವಾರ ಕಾಯ್ ರಾಂಗ್ ಕಟ್ಟೆಗೆ ಬರುತ್ತೇನೆ. ನಿಮ್ಮ ಮನೆಯವರೆಗೆ ನಡೆಯುತ್ತೇನೆ. ಎಡಕ್ಕೋ ಬಲಕ್ಕೋ ತಿಳಿಯದು, ಕ್ವಾಯ್‌ನನ್ನು ಕಟ್ಟೆಗೆ ಕಳಿಸು. ಮೋಟಾರ್‌ಸೈಕಲ್ ತರುವುದು ಬೇಡ. ಮೊಣಕಾಲಿಗೆ ಹಸಿರು ಎಣ್ಣೆ ತಂದಿಟ್ಟಿರು.

ನಿನ್ನ ಅಪ್ಪ
ತಾಮ್